ಎಸ್.ಪಿ. ರಸ್ತೆಯ ಹಳೆಯ ಥಿಂಕ್‌ಪ್ಯಾಡ್: ಯಂತ್ರಕ್ಕೆ ಒಳ್ಳೆಯ ಅಂಕ, ಅಂಗಡಿಗೆ ಅರ್ಧ

ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ480 ಮಾರುಕಟ್ಟೆಗೆ ಬಂದದ್ದು 2018ರಲ್ಲಿ. ಈಗ ಅದನ್ನು ಹೊಸದಾಗಿ ಯಾರೂ ಮಾರುವುದಿಲ್ಲ. ಆದರೆ ಬೆಂಗಳೂರಿನ ಟೌನ್ ಹಾಲಿಗೆ ಸಮೀಪದ ಎಸ್.ಪಿ. ರಸ್ತೆಯಲ್ಲಿ, ಹಳೆಯ ಲ್ಯಾಪ್‌ಟಾಪ್ ಮಾರುವ ಅಂಗಡಿಗಳಲ್ಲಿ, ನಾಲ್ಕಾರು ಟಿ480ಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುವುದು ಇಂದಿಗೂ ಕಾಣುತ್ತದೆ. ಅಂಥದೊಂದನ್ನು ಹದಿನೇಳೂವರೆ ಸಾವಿರ ರೂಪಾಯಿಗೆ ಕೊಂಡು, ಕರಡು ತಿದ್ದುವುದಕ್ಕೂ ಪುಟವಿನ್ಯಾಸಕ್ಕೂ ದಿನವಿಡೀ ಬಳಸುತ್ತಿದ್ದೇನೆ. ಈ ವಿಮರ್ಶೆ ಆ ಯಂತ್ರದ ಬಗ್ಗೆ ಎಷ್ಟೋ ಅದನ್ನು ಮಾರಿದ ಅಂಗಡಿಯ ಬಗ್ಗೆಯೂ ಅಷ್ಟೇ. ಎರಡಕ್ಕೂ ಒಂದೇ ಅಂಕ ಕೊಡಲು ಮಾತ್ರ ಸಾಧ್ಯವಿಲ್ಲ.

ಲ್ಯಾಪ್‌ಟಾಪ್ ವಿಮರ್ಶೆಯೆಂದರೆ ಪ್ರೊಸೆಸರಿನ ವೇಗ, ಪರದೆಯ ಹೊಳಪು, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂಬಷ್ಟಕ್ಕೇ ನಿಲ್ಲುವುದು ವಾಡಿಕೆ. ಯಂತ್ರ ನಮ್ಮ ಮೇಜಿಗೆ ಬರುವ ಮುಂಚೆಯೇ ಅದಕ್ಕಾಗಿ ಎಷ್ಟು ಅದಿರು, ಎಷ್ಟು ನೀರು, ಎಷ್ಟು ಕಲ್ಲಿದ್ದಲು ಖರ್ಚಾಗಿದೆ, ಮೇಜಿನಿಂದ ಇಳಿದ ಮೇಲೆ ಅದು ಯಾರ ಕೈಗೆ, ಯಾರ ಶ್ವಾಸಕ್ಕೆ ಸೇರುತ್ತದೆ ಎಂಬ ವಿವರ ಬೆಲೆಚೀಟಿಯಲ್ಲೂ ಇರುವುದಿಲ್ಲ, ವಿಮರ್ಶೆಯಲ್ಲೂ ಇರುವುದಿಲ್ಲ. ಆ ಖರ್ಚಿನ ದೊಡ್ಡ ಪಾಲು ನಾವು ಮೊದಲ ಸಲ ಗುಂಡಿ ಒತ್ತುವ ಹೊತ್ತಿಗಾಗಲೇ ಆಗಿಹೋಗಿರುವುದರಿಂದ, ಕೊಳ್ಳುವವರ ಕೈಯಲ್ಲಿ ಉಳಿಯುವ ಲೆಕ್ಕ ಒಂದೇ: ಆದ ಖರ್ಚನ್ನು ಎಷ್ಟು ವರ್ಷಗಳ ಮೇಲೆ ಹಂಚಬಹುದು. ಹಾಗಾಗಿ ಈ ಯಂತ್ರ ಇನ್ನೆಷ್ಟು ವರ್ಷ ದುಡಿಯಬಲ್ಲದು, ಕೆಟ್ಟ ಭಾಗವನ್ನು ಎಷ್ಟು ಸಲೀಸಾಗಿ ಬದಲಿಸಲು ಬಿಡುತ್ತದೆ ಎಂಬುದನ್ನೇ ನಾನು ಮುಖ್ಯ ಅಳತೆಯಾಗಿ ಇಟ್ಟುಕೊಂಡಿದ್ದೇನೆ.

ವೇಗದ ಮಾತನ್ನು ಇಲ್ಲಿಯೇ ಮುಗಿಸಿಬಿಡಬಹುದು. ನನಗೆ ಸಿಕ್ಕಿದ್ದರಲ್ಲಿ ಇಂಟೆಲ್‌ನ 8ನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇದ್ದವು. ಬರವಣಿಗೆ, ಲೆಕ್ಕಪತ್ರ, ಇನ್ನೂರು ಮುನ್ನೂರು ಪುಟದ ಪುಸ್ತಕದ ವಿನ್ಯಾಸ, ಹತ್ತಿಪ್ಪತ್ತು ಜಾಲಪುಟ ತೆರೆದಿಟ್ಟುಕೊಂಡು ಮಾಡುವ ಕೆಲಸ, ವಿಡಿಯೊ ಕರೆ ಇವುಗಳಿಗೆ ಇದು ಧಾರಾಳವಾಗಿ ಸಾಕು. ವಿಡಿಯೊ ಸಂಕಲನವನ್ನೇ ಕಸುಬು ಮಾಡಿಕೊಂಡವರಿಗೆ, ದೊಡ್ಡ ಆಟಗಳನ್ನು ಆಡುವವರಿಗೆ ಸಾಲದು. ಈ ಮಾದರಿಯೊಂದಿಗೆ ಹೆಚ್ಚಾಗಿ ಬರುವ ಪರದೆಯ ಹೊಳಪು 250 ನಿಟ್ಸ್ ಮಾತ್ರ; ಕಿಟಕಿಗೆ ಬೆನ್ನು ಮಾಡಿ ಕೂರುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಕೀಲಿಮಣೆ ಮಾತ್ರ ಇಂದಿನ ದುಬಾರಿ ಲ್ಯಾಪ್‌ಟಾಪುಗಳನ್ನೂ ನಾಚಿಸುವಂತಿದೆ. ದಿನಕ್ಕೆ ಸಾವಿರಗಟ್ಟಲೆ ಪದ ಕುಟ್ಟುವವರ ಬೆರಳುಗಳಿಗೆ ಅದರ ಬೆಲೆ ಗೊತ್ತಾಗುತ್ತದೆ.

ಯಂತ್ರ ಎಲ್ಲಿಂದ ಬಂತು ಎನ್ನುವುದಕ್ಕೆ ಅದರ ಮೈಯೇ ಸಾಕ್ಷಿ. ಮುಚ್ಚಳದ ಮೂಲೆಯಲ್ಲಿ ಆಸ್ತಿ ಸಂಖ್ಯೆಯ ಚೀಟಿಯನ್ನು ಕೆರೆದು ತೆಗೆದ ಚೌಕ ಗುರುತಿದೆ, ಸ್ಪಿರಿಟ್ ಹಾಕಿ ಉಜ್ಜಿದರೂ ಅಂಟು ಪೂರ್ತಿ ಹೋಗಿಲ್ಲ. ಸ್ಪೇಸ್ ಕೀಲಿ ಬಲಗೈ ಹೆಬ್ಬೆರಳು ಬೀಳುವ ಕಡೆ ಮಾತ್ರ ಸವೆದು ಹೊಳೆಯುತ್ತದೆ. ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಲ್ಯಾಪ್‌ಟಾಪ್‌ಗೆ ಗೊತ್ತುಪಡಿಸಿದ ಆಯುಷ್ಯ ಸಾಮಾನ್ಯವಾಗಿ ಮೂರು ನಾಲ್ಕು ವರ್ಷ. ಗುತ್ತಿಗೆಯೋ ವಾರಂಟಿಯೋ ಮುಗಿಯಿತೆಂದರೆ ಸಾಕು, ಯಂತ್ರಕ್ಕೆ ಏನೂ ಆಗಿರದಿದ್ದರೂ ನೂರಾರು ಒಟ್ಟಿಗೆ 'ಲಾಟ್' ಆಗಿ ಹೊರಬೀಳುತ್ತವೆ. ಲಾಟ್ ಹಿಡಿದ ವ್ಯಾಪಾರಿ ಗೀರು, ತಗ್ಗು, ಪರದೆಯ ಕಲೆ ನೋಡಿ ಎ ಗ್ರೇಡ್, ಬಿ ಗ್ರೇಡ್ ಎಂದು ವಿಂಗಡಿಸುತ್ತಾನೆ. ರಿಪೇರಿಗೆ ಬಗ್ಗದವನ್ನು ಬಿಚ್ಚಿ ಪ್ಯಾನೆಲ್, ಹಿಂಜ್, ಬೋರ್ಡ್ ಎಂದು ಬಿಡಿಬಿಡಿಯಾಗಿ ಮಾರುತ್ತಾನೆ. ಕಂಪನಿಯೊಂದರ ಲೆಕ್ಕಪುಸ್ತಕದಲ್ಲಿ ಬೆಲೆ ಸೊನ್ನೆಗಿಳಿದ ವಸ್ತು ಎಸ್.ಪಿ. ರಸ್ತೆಯಲ್ಲಿ ಮತ್ತೆ ಹದಿನೇಳೂವರೆ ಸಾವಿರದ್ದಾಗುತ್ತದೆ. ಈ ವ್ಯಾಪಾರವನ್ನು ಪರಿಸರಸೇವೆ ಎಂದು ಯಾರೂ ಕರೆಯುವುದಿಲ್ಲ, ಅಂಗಡಿಯವರಿಗೂ ಅಂಥ ಭ್ರಮೆಯಿಲ್ಲ. ಆದರೆ ಒಂದು ಯಂತ್ರದ ಆಯುಷ್ಯವನ್ನು ಇಮ್ಮಡಿ ಮಾಡುವ ಕೆಲಸ ಈ ಊರಿನಲ್ಲಿ ನಡೆಯುತ್ತಿರುವುದು ಇಂಥ ಕಿಷ್ಕಿಂಧೆಗಳಲ್ಲಿಯೇ.

ಟಿ480 ಈ ರಸ್ತೆಯಲ್ಲಿ ಇಷ್ಟು ಚಲಾವಣೆಯಲ್ಲಿರುವುದಕ್ಕೆ ಕಾರಣ ಅದರ ಹೊಟ್ಟೆ ತೆರೆದಾಗ ಗೊತ್ತಾಗುತ್ತದೆ. ಬಿಚ್ಚುವ ಮುನ್ನ ಬಯಾಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲು ಚಾಲೂ ಆಗುವ ಯಂತ್ರದ ಮೂಲ ತಂತ್ರಾಂಶಕ್ಕೆ, ಹೋಗಿ ಒಳಗಿನ ಬ್ಯಾಟರಿಯ ಸಂಪರ್ಕ ಕಡಿಯಬೇಕು. ಅದಕ್ಕೆಂದೇ ಅಲ್ಲಿ ಒಂದು ಆಯ್ಕೆಯಿದೆ. ತಳದ ಮುಚ್ಚಳದ ಸ್ಕ್ರೂಗಳನ್ನು ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರಿನಿಂದ ಸಡಿಲಿಸಿದರೆ ಅವು ಉದುರಿ ಮಂಚದಡಿ ಉರುಳುವುದಿಲ್ಲ, ಮುಚ್ಚಳದಲ್ಲೇ ಸಿಕ್ಕಿಕೊಂಡಿರುತ್ತವೆ. ಮುಚ್ಚಳದ ಅಂಚನ್ನು ಉಗುರಿಗಿಂತ ಗಟ್ಟಿಯಾದ ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸುತ್ತಾ ಹೋದರೆ ಟಕಟಕನೆ ಬಿಟ್ಟುಕೊಳ್ಳುತ್ತದೆ. ಒಳಗೆ ರ‍್ಯಾಮ್‌ಗೆ ಎರಡು ಸ್ಲಾಟ್‌ಗಳಿವೆ, ಕಂಪನಿಯ ಲೆಕ್ಕದಲ್ಲೇ 32 ಜಿಬಿವರೆಗೆ ಏರಿಸಬಹುದು. ಎಸ್‌ಎಸ್‌ಡಿ, ವೈಫೈ ಕಾರ್ಡ್, ಫ್ಯಾನ್, ಸ್ಪೀಕರ್ ಎಲ್ಲವೂ ಸ್ಕ್ರೂಗಳ ಆಧಾರದಲ್ಲಿವೆ. ಕೀಲಿಮಣೆ ಕೆಟ್ಟರೆ ಮೇಲ್ಭಾಗದ ಕವಚವನ್ನೆಲ್ಲ ಬದಲಿಸದೆ ಅದೊಂದನ್ನೇ ತೆಗೆಯಬಹುದು. ಹೇಗೆ ತೆಗೆಯಬೇಕೆಂದು ಚಿತ್ರಸಮೇತ ತೋರಿಸುವ ದುರಸ್ತಿ ಕೈಪಿಡಿಯನ್ನು ಕಂಪನಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಪ್ರಕಟಿಸಿದೆ. ಬ್ಯಾಟರಿಗಳು ಎರಡು: 24 ವ್ಯಾಟ್-ಅವರ್‌ನ (ಬ್ಯಾಟರಿ ಎಷ್ಟು ವಿದ್ಯುತ್ತು ಹಿಡಿಯುತ್ತದೆ ಎಂಬುದರ ಅಳತೆ) ಒಂದು ಒಳಗೆ, ಇನ್ನೊಂದು ಹಿಂಬದಿಯಲ್ಲಿ, ಎರಡು ಚಿಲಕ ಸರಿಸಿದರೆ ಕೈಗೆ ಬರುವಂಥದು. ಕೆಲಸ ನಿಲ್ಲಿಸದೆಯೇ ಹಿಂದಿನ ಬ್ಯಾಟರಿಯನ್ನು ಬದಲಿಸಬಹುದು, ಆ ಹೊತ್ತಿಗೆ ಒಳಗಿನದು ಯಂತ್ರವನ್ನು ಹಿಡಿದುಕೊಂಡಿರುತ್ತದೆ.

ಕೊರತೆಗಳಿಲ್ಲವೆಂದಲ್ಲ. ಪ್ರೊಸೆಸರ್ ಬೋರ್ಡಿಗೆ ಬೆಸೆದುಕೊಂಡಿದೆ. ಚಾರ್ಜರ್ ಸಿಕ್ಕಿಸುವ ಯುಎಸ್‌ಬಿ-ಸಿ ಪೋರ್ಟ್ ಕೂಡ ಬೋರ್ಡಿನ ಭಾಗವೇ ಆಗಿರುವುದರಿಂದ ಅದು ಅಲುಗಾಡಲು ಶುರುವಾದರೆ ಬೋರ್ಡ್ ರಿಪೇರಿಯವರ ಬಳಿಗೇ ಹೋಗಬೇಕು. ಈ ಮಾದರಿಯ ಥಂಡರ್‌ಬೋಲ್ಟ್ (ಯುಎಸ್‌ಬಿ-ಸಿ ಪೋರ್ಟುಗಳಲ್ಲಿ ಹೆಚ್ಚು ವೇಗದ್ದು) ಫರ್ಮ್‌ವೇರಿನಲ್ಲಿ, ಅಂದರೆ ಚಿಪ್ಪಿನೊಳಗೇ ಕೂತಿರುವ ತಂತ್ರಾಂಶದಲ್ಲಿ, ಇದ್ದ ದೋಷಕ್ಕೆ ಕಂಪನಿಯೇ ತಿದ್ದುಪಡಿ ಬಿಡುಗಡೆ ಮಾಡಿದೆ. ಹಳೆಯ ಟಿ480 ಕೊಂಡವರು ಬೇರೆಲ್ಲ ಕೆಲಸಕ್ಕಿಂತ ಮೊದಲು ಅದನ್ನು ಹಾಕಿಕೊಳ್ಳುವುದು ಕ್ಷೇಮ. ಇಷ್ಟಾದರೂ, ಇಂದು ಅಂಗಡಿಯಲ್ಲಿ ಸಿಗುವ ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಅನೇಕವು ರ‍್ಯಾಮ್ ಬೆಸೆದುಕೊಂಡೇ, ಬ್ಯಾಟರಿ ಅಂಟಿಸಿಕೊಂಡೇ ಬರುತ್ತವೆ ಎಂಬುದರ ಮುಂದೆ ಈ ಕೊರತೆಗಳು ಸಣ್ಣವು. ಬೆಸೆದ 8 ಜಿಬಿ ರ‍್ಯಾಮ್ ಮುಂದೆ ಸಾಲದಾದಾಗ ಬದಲಾಗುವುದು ರ‍್ಯಾಮ್ ಅಲ್ಲ, ಇಡೀ ಲ್ಯಾಪ್‌ಟಾಪ್. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪ್‌ಗಳ ಮೇಲೆ ದುರಸ್ತಿಗೆ ಎಷ್ಟು ಅನುಕೂಲವೆಂದು ಹತ್ತಕ್ಕೆ ಅಂಕ ಹಾಕಿ ಬೆಲೆಯ ಪಕ್ಕದಲ್ಲೇ ತೋರಿಸಬೇಕೆಂಬ ಕಾನೂನಿದೆ. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಆದರೂ ಕಂಪ್ಯೂಟರ್ ಅಂಗಡಿಗೆ ಹೋದವರಿಗೆ ಅಂಥ ಅಂಕವೊಂದು ಕಣ್ಣಿಗೆ ಬೀಳುವುದಿಲ್ಲ.

ಹಳೆಯದನ್ನು ಉಳಿಸಿಕೊಳ್ಳುವುದಕ್ಕೆ ಇಷ್ಟು ಒತ್ತು ಏಕೆ ಎಂಬುದಕ್ಕೆ ಅಂಕಿಗಳೇ ಉತ್ತರ ಹೇಳುತ್ತವೆ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದಲ್ಲಿದ್ದ ಎರಿಕ್ ವಿಲಿಯಮ್ಸ್ ಮತ್ತು ಸಂಗಡಿಗರು 2002ರಲ್ಲಿ 32 ಎಂಬಿಯ ಒಂದು ಮೆಮೊರಿ ಚಿಪ್ಪಿನ ಲೆಕ್ಕ ಹಾಕಿದರು. ಚಿಪ್ಪಿನ ತೂಕ 2 ಗ್ರಾಂ. ಅದನ್ನು ತಯಾರಿಸಿ ಬಳಸುವುದಕ್ಕೆ ತಗುಲಿದ್ದು 1.6 ಕೆ.ಜಿ. ಇಂಧನ, 72 ಗ್ರಾಂ ರಾಸಾಯನಿಕಗಳು ಮತ್ತು 32 ಲೀಟರ್ ನೀರು. ಆ ಅಂಕಿಯನ್ನು ಇಂದಿನ ಗಿಗಾಬೈಟುಗಳಿಗೆ ಗುಣಿಸಿಕೊಂಡು ಹೋಗುವಂತಿಲ್ಲ, ತಯಾರಿಕೆಯ ವಿಧಾನ ಬದಲಾಗಿದೆ. ಬದಲಾಗದೆ ಉಳಿದಿರುವುದು ಕಾರಣ: ಸಿಲಿಕಾನ್ ಬಿಲ್ಲೆಯ ಮೇಲೆ ಪದರದ ಮೇಲೆ ಪದರ ಕೆತ್ತುವಾಗ ಒಂದು ಧೂಳಿನ ಕಣ ಕೂತರೂ ಚಿಪ್ಪು ಕೆಡುತ್ತದೆ, ಆದ್ದರಿಂದ ಪ್ರತಿ ಹಂತದಲ್ಲೂ ಅತಿಶುದ್ಧ ನೀರಿನಿಂದ ತೊಳೆಯಬೇಕು, ಗಾಳಿಯನ್ನು ಹಗಲೂ ರಾತ್ರಿ ಸೋಸಬೇಕು. ಸಾಧಾರಣ ನೀರನ್ನು ಆ ಮಟ್ಟಕ್ಕೆ ಶುದ್ಧ ಮಾಡುವುದೇ ಒಂದು ಕಾರ್ಖಾನೆಯ ಕೆಲಸ. 2021ರಲ್ಲಿ ತೈವಾನ್ ಅರ್ಧ ಶತಮಾನದಲ್ಲೇ ಕಾಣದ ಬರಕ್ಕೆ ತುತ್ತಾದಾಗ ಸರ್ಕಾರ ಸಾವಿರಾರು ಹೆಕ್ಟೇರ್ ಗದ್ದೆಗಳ ನೀರು ನಿಲ್ಲಿಸಿ ರೈತರಿಗೆ ಪರಿಹಾರ ಕೊಟ್ಟಿತು. ಚಿಪ್ಪಿನ ಕಾರ್ಖಾನೆಗಳು ಟ್ಯಾಂಕರ್ ಹಿಡಿದು ನಡೆದವು. ನಾಲೆಗೆ ನೀರು ಬಿಡುವುದೋ ಬೇಡವೋ ಎಂಬ ಜಗಳ ಕನ್ನಡಿಗರಿಗೆ ಹೊಸದಲ್ಲ, ಆದರೆ ಆ ಜಗಳದ ಇನ್ನೊಂದು ಬದಿಯಲ್ಲಿ ನಮ್ಮ ಮೇಜಿನ ಲ್ಯಾಪ್‌ಟಾಪ್ ಕೂತಿರಬಹುದೆಂದು ನಾವು ಎಣಿಸಿರುವುದಿಲ್ಲ.

ತಯಾರಕರು ತಾವೇ ಪ್ರಕಟಿಸುವ ಇಂಗಾಲದ ಲೆಕ್ಕಪತ್ರಗಳನ್ನು ನೋಡಿದರೆ ಸಾಮಾನ್ಯ ಲ್ಯಾಪ್‌ಟಾಪೊಂದರ ಜೀವಮಾನದ ಹೊರೆ ಹೆಚ್ಚುಕಡಿಮೆ 200ರಿಂದ 400 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮನಾಗಿರುತ್ತದೆ, ಅದರಲ್ಲಿ ಬಹುಪಾಲು ತಯಾರಿಕೆಯದೇ. ಆದರೆ ಈ ಪತ್ರಗಳನ್ನು ಬೇರೆ ದೇಶಗಳ ವಿದ್ಯುತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರುವುದುಂಟು. ನಮ್ಮದು ಕಲ್ಲಿದ್ದಲಿನ ವಿದ್ಯುತ್ತು, ಆದ್ದರಿಂದ ಹಳೆಯ ಯಂತ್ರ ಹೆಚ್ಚು ಕರೆಂಟು ತಿಂದು ನಷ್ಟವೇ ಆಗಬಹುದಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಂತೆ ನಮ್ಮ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಲ್ಯಾಪ್‌ಟಾಪ್ ಸರಾಸರಿ 15 ವ್ಯಾಟಿನಂತೆ ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ನಡೆದರೆ 36 ಯೂನಿಟ್, ಅಂದರೆ 25 ಕೆ.ಜಿ. ಹೊಸ ಯಂತ್ರ ಇದಕ್ಕಿಂತ 5 ವ್ಯಾಟ್ ಕಡಿಮೆ ತಿನ್ನುತ್ತದೆಂದೇ ಇಟ್ಟುಕೊಂಡರೂ ವರ್ಷಕ್ಕೆ ಉಳಿಯುವುದು 12 ಯೂನಿಟ್, ಎಂಟೂವರೆ ಕೆ.ಜಿ.ಗಿಂತಲೂ ಕಡಿಮೆ. ಹೊಸದರ ತಯಾರಿಕೆಗೆ 200 ಕೆ.ಜಿ. ಹಿಡಿದರೆ ಆ ಉಳಿತಾಯದಲ್ಲಿ ಅಸಲು ತೀರುವುದಕ್ಕೆ 23 ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟು ಕಾಲ ಬಾಳುವ ಲ್ಯಾಪ್‌ಟಾಪನ್ನು ಯಾರೂ ಮಾಡಿಲ್ಲ. ಹಣದ ಲೆಕ್ಕದಲ್ಲಂತೂ, ಯೂನಿಟ್ಟಿಗೆ ಆರು ರೂಪಾಯಿಯಂತೆ, ವರ್ಷದ ಉಳಿತಾಯ 72 ರೂಪಾಯಿ, ಎಸ್.ಪಿ. ರಸ್ತೆಗೆ ಆಟೋದಲ್ಲಿ ಹೋಗಿಬರುವುದಕ್ಕೂ ಸಾಲದು.

ಇಂಗಾಲವೊಂದೇ ಹೊರೆಯಲ್ಲ. ರ‍್ಯಾಮ್ ಪಟ್ಟಿಯನ್ನು ಸ್ಲಾಟಿನಿಂದ ಎತ್ತಿ ಬೆಳಕಿಗೆ ಹಿಡಿದರೆ ಅದರ ಅಂಚಿನಲ್ಲಿ ಸಾಲಾಗಿ ಹಳದಿ ಹಲ್ಲುಗಳು ಕಾಣುತ್ತವೆ. ಅದು ಚಿನ್ನದ ಲೇಪ. ತುಕ್ಕು ಹಿಡಿಯದೆ ವಿದ್ಯುತ್ತನ್ನು ಹರಿಸಲು ಇದಕ್ಕಿಂತ ನಂಬಿಕೆಯ ಲೋಹ ಸಿಕ್ಕಿಲ್ಲ. ಚಿನ್ನ ತೆಗೆಯುವುದರ ನಿಜವಾದ ಬೆಲೆ ಏನೆಂದು ತಿಳಿಯಲು ಕನ್ನಡ ನಾಡಿನವರು ದೂರ ಹೋಗಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿಯನ್ನು 2001ರ ಫೆಬ್ರುವರಿ 28ರಂದು ಮುಚ್ಚಲಾಯಿತು, ಅಷ್ಟರಲ್ಲಿ ಅದು 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಕೊನೆಕೊನೆಗೆ ಒಂದು ಟನ್ ಕಲ್ಲು ಪುಡಿಮಾಡಿದರೆ ಕೆಲವೇ ಗ್ರಾಂ ಚಿನ್ನ ಸಿಗುತ್ತಿತ್ತು. ಉಳಿದ ಕಲ್ಲಿನ ಹಿಟ್ಟು ಎಲ್ಲಿಗೆ ಹೋಗಬೇಕು? ಊರಿನ ಸುತ್ತ ಗುಡ್ಡವಾಗಿ ನಿಂತಿದೆ, 3 ಕೋಟಿ ಟನ್ನಿಗೂ ಹೆಚ್ಚು. ಸೈನೈಡ್ ದ್ರಾವಣದಿಂದ ಚಿನ್ನ ಬಸಿದುಕೊಂಡ ಮೇಲೆ ಉಳಿದ ಮಣ್ಣಾದ್ದರಿಂದ ಜನ ಅದನ್ನು ಸೈನೈಡ್ ಗುಡ್ಡವೆಂದೇ ಕರೆಯುತ್ತಾರೆ. ಗಾಳಿ ಬೀಸುವ ತಿಂಗಳುಗಳಲ್ಲಿ ಅದರ ಬೂದು ದೂಳು ಕೆಜಿಎಫ್‌ನ ಮನೆಗಳೊಳಗೆ ಬಂದು ಕೂರುತ್ತದೆ, ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದ ಮೇಲೂ. ನನ್ನ ಯಂತ್ರದ ಚಿನ್ನ ಕೋಲಾರದ್ದಲ್ಲ. ಅದು ಎಲ್ಲಿಯದೇ ಆಗಿರಲಿ, ಅಲ್ಲಿ ಒಂದು ಗುಡ್ಡ ಎದ್ದಿರುತ್ತದೆ.

ಬ್ಯಾಟರಿಯ ಕೋಬಾಲ್ಟ್ ಬಹುಮಟ್ಟಿಗೆ ಕಾಂಗೋದಿಂದ ಬರುತ್ತದೆ. ಜಗತ್ತಿನ ಕೋಬಾಲ್ಟಿನಲ್ಲಿ ನೂರಕ್ಕೆ ಎಪ್ಪತ್ತರಷ್ಟು ಆ ಒಂದು ದೇಶದ್ದು, ಕೊಲ್ವೆಜಿ ಸುತ್ತಮುತ್ತ ಅದರ ಒಂದು ಪಾಲನ್ನು ಜನ ಕೈಯಲ್ಲೇ ಅಗೆದು ತೆಗೆಯುತ್ತಾರೆ, ಮಕ್ಕಳೂ ಸೇರಿದಂತೆ. ಬೆಸುಗೆಯ ತವರ ಇಂಡೊನೇಷ್ಯಾದ ಬಾಂಕಾ ದ್ವೀಪದ ಕಡಲತಳವನ್ನು ಬಗೆದು ಬರುವುದುಂಟು. ಫ್ಯಾನು, ಸ್ಪೀಕರುಗಳ ಅಯಸ್ಕಾಂತದಲ್ಲಿರುವ ವಿರಳ ಭಸ್ಮ ಲೋಹಗಳಿಗೆ ಚೀನಾದ ಬಾವೊಟೌ ಹೆಸರಾಗಿದೆ, ಅಲ್ಲಿನ ಗಣಿ ತ್ಯಾಜ್ಯದ ಕೆರೆಯೂ ಅಷ್ಟೇ ಹೆಸರಾಗಿದೆ. ಲಿಥಿಯಂ ವಿಷಯದಲ್ಲಿ ಒಂದು ಮಾತು ಹೇಳಬೇಕು. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ಇದೆಯೆಂದು ಅಣು ಖನಿಜ ನಿರ್ದೇಶನಾಲಯ ಅಂದಾಜಿಸಿದಾಗ ನಮ್ಮ ಪತ್ರಿಕೆಗಳು ನಿಧಿ ಸಿಕ್ಕಿದಂತೆ ಬರೆದವು. ಕಬ್ಬು, ಭತ್ತ ಬೆಳೆಯುವ ಸೀಮೆಯಲ್ಲಿ ಗಣಿ ತೆರೆದರೆ ಏನು ಹೋಗುತ್ತದೆ ಎಂದು ಕೇಳಿದ ವರದಿ ನನ್ನ ಕಣ್ಣಿಗೆ ಬೀಳಲಿಲ್ಲ.

ಇಷ್ಟೆಲ್ಲ ಖರ್ಚಾಗಿ ಹುಟ್ಟಿದ ಯಂತ್ರ ಯಾವಾಗ ಸಾಯಬೇಕೆಂದು ನಿರ್ಧರಿಸುವುದು ಮಾತ್ರ ಅನೇಕ ಸಲ ಅದರ ಕಬ್ಬಿಣವಲ್ಲ, ಅದರೊಳಗಿನ ತಂತ್ರಾಂಶ. ಅಂಗಡಿಯಲ್ಲಿ ಟಿ480ರ ಪಕ್ಕದಲ್ಲೇ ಅದರ ಅಣ್ಣ ಟಿ470 ಇತ್ತು. ಮೈಕಟ್ಟು, ಕೀಲಿಮಣೆ, ತೂಕ ಎಲ್ಲವೂ ಹೆಚ್ಚುಕಡಿಮೆ ಒಂದೇ. ಆದರೆ ಟಿ470ರಲ್ಲಿರುವುದು 7ನೇ ತಲೆಮಾರಿನ ಅಥವಾ ಅದಕ್ಕೂ ಹಿಂದಿನ ಪ್ರೊಸೆಸರ್. ಮೈಕ್ರೊಸಾಫ್ಟ್ ವಿಂಡೋಸ್ 11ಕ್ಕೆ ಗೆರೆ ಎಳೆದಿರುವುದು 8ನೇ ತಲೆಮಾರಿನಲ್ಲಿ. ವಿಂಡೋಸ್ 10ಕ್ಕೆ ಉಚಿತ ಭದ್ರತಾ ತಿದ್ದುಪಡಿಗಳ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದಿನಿಂದ ಈ ರಸ್ತೆಯಲ್ಲಿ ಗೆರೆಯ ಈಚೆಗಿನ ಯಂತ್ರಕ್ಕೆ ಒಂದು ಬೆಲೆ, ಆಚೆಗಿನದಕ್ಕೆ ಇನ್ನೊಂದು. ಈ ಗೆರೆಯಿಂದಾಗಿ 24 ಕೋಟಿ ಕಂಪ್ಯೂಟರುಗಳು ಕಸಕ್ಕೆ ಬೀಳಬಹುದೆಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರ ಕೊನೆಯಲ್ಲೇ ಅಂದಾಜು ಮಾಡಿತ್ತು. ಭದ್ರತೆಗೆ ಬೇಕಾದ ಚಿಪ್ಪು, ಹೊಸ ರಕ್ಷಣಾ ವಿಧಾನಗಳು ಎಂದು ಕಂಪನಿ ಕೊಡುವ ಕಾರಣಗಳಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆ ಕಾರಣಕ್ಕೆ ಗಣಿಯವರೆಗೆ ಹೋಗುವ ಬಿಲ್ಲನ್ನು ಯಾರು ಕಟ್ಟಬೇಕೆಂಬ ಪ್ರಶ್ನೆ ಅವರ ಪ್ರಕಟಣೆಯಲ್ಲಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

ನಾನು ಟಿ480ರಲ್ಲಿ ಲಿನಕ್ಸ್ ಹಾಕಿಕೊಂಡಿದ್ದೇನೆ, ಕಗಪ ವಿನ್ಯಾಸದ ಕನ್ನಡ ಕೀಲಿಮಣೆ ಅದರಲ್ಲೇ ಸಿಗುತ್ತದೆ, ಪ್ರತ್ಯೇಕವಾಗಿ ಏನನ್ನೂ ತಂದು ಕೂರಿಸಬೇಕಾಗಿಲ್ಲ. ವಿಂಡೋಸ್ ಕೈಬಿಟ್ಟ ಟಿ470ರಲ್ಲೂ ಇದು ಹೀಗೆಯೇ ನಡೆಯುತ್ತದೆ. ನುಡಿ ತಂತ್ರಾಂಶವನ್ನೋ ಮುದ್ರಣಾಲಯದ ಹಳೆಯ ಫಾಂಟುಗಳನ್ನೋ ಬಿಡಲಾಗದವರಿಗೆ ವಿಂಡೋಸ್ ಬೇಕಾಗುತ್ತದೆ. ಅವರು 8ನೇ ತಲೆಮಾರಿನ ಪ್ರೊಸೆಸರ್ ಇರುವ ಟಿ480ರಲ್ಲೇ ನಿಲ್ಲುವುದು ಒಳ್ಳೆಯದು.

ಇನ್ನು ಅಂಗಡಿ. ಹೆಸರು ಬರೆಯುವುದಿಲ್ಲ, ಏಕೆಂದರೆ ಹೇಳಹೊರಟಿರುವ ದೋಷ ಅದೊಂದರದ್ದಲ್ಲ. ಎಂಟಡಿ ಅಗಲದ ಜಾಗ, ಗಾಜಿನ ಕೌಂಟರು, ಹಿಂದೆ ಮೆಟ್ಟಿಲಿನ ಕೆಳಗೆ ಬೆಸುಗೆ ಕಡ್ಡಿ ಹಿಡಿದು ಕೂತ ಇಬ್ಬರು ಹುಡುಗರು. ಯಂತ್ರವನ್ನು ಮುಂದೆಯೇ ಚಾಲೂ ಮಾಡಿ ತೋರಿಸಿದರು, ಪರದೆಗೆ ಬಿಳಿ, ಕಪ್ಪು, ಕೆಂಪು ಬಣ್ಣ ತುಂಬಿ ಕಲೆಯಿಲ್ಲವೆಂದು ಖಾತರಿಪಡಿಸಿದರು, ಕೇಳಿದಷ್ಟು ಹೊತ್ತು ಬೇಸರಿಸದೆ ಉತ್ತರ ಕೊಟ್ಟರು. ಬಿಲ್ಲಿನ ಮೇಲೆ 'ಒಂದು ತಿಂಗಳ ಟೆಸ್ಟಿಂಗ್ ವಾರಂಟಿ' ಎಂದು ಬರೆದು ಮೊಹರು ಒತ್ತಿದರು. ಬ್ಯಾಟರಿ ಹೇಗಿದೆ ಎಂದಾಗ "ಚೆನ್ನಾಗಿದೆ ಸಾರ್, ಮೂರು ನಾಲ್ಕು ಗಂಟೆ ಬರುತ್ತೆ" ಎಂಬ ಉತ್ತರ ಬಂತು. ಮನೆಗೆ ತಂದು ಬ್ಯಾಟರಿ ವರದಿ ತೆಗೆದರೆ 24 ವ್ಯಾಟ್-ಅವರ್‌ನ ಒಳಗಿನ ಬ್ಯಾಟರಿಯಲ್ಲಿ ಹಿಡಿಯುತ್ತಿದ್ದುದು 13 ಮಾತ್ರ. ಹಿಂಬದಿಯದು ಕಂಪನಿಯದಲ್ಲದ ಹೊಸ ಬ್ಯಾಟರಿ, ಅದರ ಮೇಲಿನ ಚೀಟಿ ಹೇಳುವಷ್ಟು ಸಾಮರ್ಥ್ಯ ಅದರಲ್ಲಿರಲಿಲ್ಲ. ಹಿಂದಿರುಗಿ ಹೋಗಿ ಕೇಳಿದ್ದಕ್ಕೆ ಅಂಗಡಿಯವರು ಜಗಳವಾಡಲಿಲ್ಲ, ನಕ್ಕರು. "ಬ್ಯಾಟರಿಗೆ ಈ ರೋಡಲ್ಲಿ ಯಾರೂ ವಾರಂಟಿ ಕೊಡಲ್ಲ ಸಾರ್, ಅದು ಕನ್ಸ್ಯೂಮಬಲ್." ಕೊನೆಗೆ ಒಳಗಿನ ಬ್ಯಾಟರಿಯನ್ನು ಎರಡು ಸಾವಿರದ ಇನ್ನೂರು ರೂಪಾಯಿಗೆ, ಅವರ ಮಾತಿನಂತೆ ಕೊಂಡ ದರಕ್ಕೇ, ಬದಲಿಸಿಕೊಟ್ಟರು. ಕೆಲಸ ಅಚ್ಚುಕಟ್ಟಾಗಿತ್ತು.

ಹುಡುಗ ತೆಗೆದ ಹಳೆಯ ಬ್ಯಾಟರಿಯನ್ನು ಕೌಂಟರಿನ ಕೆಳಗಿದ್ದ ಗೋಣಿಚೀಲಕ್ಕೆ ಎಸೆದ. ಬಗ್ಗಿ ನೋಡಿದೆ. ಚೀಲ ಅರ್ಧ ತುಂಬಿತ್ತು: ಉಬ್ಬಿದ ಲಿಥಿಯಂ ಬ್ಯಾಟರಿಗಳು, ಅವುಗಳ ನಡುವೆ ತುಂಡಾದ ಹಿಂಜುಗಳು, ಮುರಿದ ಬೋರ್ಡುಗಳು, ತಂತಿಯ ಸಿಕ್ಕುಗಳು, ಎಲ್ಲ ಒಟ್ಟಿಗೆ. ಬ್ಯಾಟರಿಗಳ ಲೋಹದ ತುದಿಗಳಿಗೆ ಟೇಪು ಸುತ್ತಿರಲಿಲ್ಲ. ಒಂದಕ್ಕೊಂದು ತಾಗಿದರೆ ಶಾರ್ಟ್ ಆಗಿ ಹೊತ್ತಿಕೊಳ್ಳುವ ವಸ್ತು ಅದು. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. "ಗುಜರಿಯವರು ಬರ್ತಾರೆ ಸಾರ್, ತೂಕಕ್ಕೆ ಹಾಕ್ತೀವಿ." ಬೋರ್ಡಿಗೆ ಕೆ.ಜಿ.ಗೆ ಒಳ್ಳೆಯ ದರ ಬರುತ್ತದೆ, ಬ್ಯಾಟರಿಗೆ ಅಷ್ಟಿಲ್ಲ ಎಂದೂ ಹುಡುಗ ವಿವರಿಸಿದ. ಬೋರ್ಡಿಗೆ ದರ ಏರುವುದು ಆ ಚಿನ್ನದ ಹಲ್ಲುಗಳಿಗಾಗಿ. ಒಂದು ಟನ್ ಒಳ್ಳೆಯ ಬೋರ್ಡಿನಲ್ಲಿ ಒಂದು ಟನ್ ಗಣಿಯ ಕಲ್ಲಿಗಿಂತ ಹತ್ತಾರು ಪಟ್ಟು ಹೆಚ್ಚು ಚಿನ್ನವಿರುತ್ತದೆ. ಅದನ್ನು ಗುಜರಿ ಕೇರಿಗಳಲ್ಲಿ ಬಿಡಿಸಿಕೊಳ್ಳುವ ಬಗೆ ಆಮ್ಲದ ತೊಟ್ಟಿ. ತಂತಿಯ ತಾಮ್ರಕ್ಕೆ ಬೆಂಕಿ. ಬೆಂಗಳೂರಿನ ಇ-ತ್ಯಾಜ್ಯ ಕೇರಿಗಳ ಮಣ್ಣನ್ನೂ ಅಲ್ಲಿ ದುಡಿಯುವವರ ತಲೆಗೂದಲನ್ನೂ ಪರೀಕ್ಷಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೀಸ, ತಾಮ್ರ ಮುಂತಾದ ಲೋಹಗಳನ್ನು ಅಲ್ಲಿ ಕಂಡಿತ್ತು. ಕಂಪ್ಯೂಟರಿನ ನಗರವೆಂದು ಹೆಸರಾದ ಊರಿನಲ್ಲಿ, ಕಂಪ್ಯೂಟರ್ ಮುಟ್ಟಿ ನೋಡದವರ ಕೂದಲಲ್ಲಿ.

ದಾರಿಯಿಲ್ಲದೆ ಹೀಗಾಗುತ್ತಿದ್ದರೆ ಬೇರೆ ಮಾತು. ದೇಶದಲ್ಲಿ ಇ-ತ್ಯಾಜ್ಯದ ಮರುಬಳಕೆಗೆ ಸರ್ಕಾರದ ಅನುಮತಿ ಪಡೆದ ಮೊದಲ ಘಟಕ ಇ-ಪರಿಸರ, ದಾಬಸ್‌ಪೇಟೆಯಲ್ಲಿ 2005ರಲ್ಲೇ ಆರಂಭವಾಯಿತು. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಹಳೆಯದನ್ನು ಸರಿಪಡಿಸಿ ಮಾರುವವರೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು, ರಿಪೇರಿಯಲ್ಲಿ ಉಳಿದ ಕಸವನ್ನು ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸಬೇಕು ಎಂದು ಅವು ಹೇಳುತ್ತವೆ. ಬ್ಯಾಟರಿಗಳಿಗೆ ಅದೇ ವರ್ಷ ಬೇರೆಯೇ ನಿಯಮಗಳು ಬಂದಿವೆ. ಆದರೆ ಮೆಟ್ಟಿಲ ಕೆಳಗಿನ ಹುಡುಗನಿಗೆ ಗುಜರಿಯವನು ಕೈಮೇಲೆ ದುಡ್ಡು ಕೊಡುತ್ತಾನೆ, ಬಂದು ಹೊತ್ತುಕೊಂಡೂ ಹೋಗುತ್ತಾನೆ. ನಿಯಮ ಪಾಲಿಸಿದರೆ ಅರ್ಜಿ ತುಂಬಬೇಕು, ಕಸವನ್ನು ಜೋಪಾನವಾಗಿ ಕೂಡಿಡಲು ಎಂಟಡಿ ಅಂಗಡಿಯಲ್ಲಿ ಜಾಗ ಹುಡುಕಬೇಕು. ಲೋಕದ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ: ವಿಶ್ವಸಂಸ್ಥೆಯ ಸಂಸ್ಥೆಗಳ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತು ಎಸೆದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದದ್ದು ಶೇ 22.3 ಮಾತ್ರ. ಕ್ರಮಬದ್ಧ ಮರುಬಳಕೆಯಲ್ಲೂ ಚಿನ್ನ, ತಾಮ್ರ ಸಿಗುತ್ತವೆಯೇ ಹೊರತು ವಿರಳ ಭಸ್ಮ ಲೋಹಗಳು ಹೆಚ್ಚುಕಡಿಮೆ ಕೈತಪ್ಪಿಯೇ ಹೋಗುತ್ತವೆ. ಅವುಗಳಿಗಿರುವ ಬೇಡಿಕೆಯಲ್ಲಿ ಇ-ತ್ಯಾಜ್ಯದಿಂದ ಈಡೇರುವುದು ನೂರಕ್ಕೆ ಒಂದು ಪಾಲು.

ಹಾಗಾಗಿ ಅಂಕಗಳು ಹೀಗಿವೆ. ಯಂತ್ರಕ್ಕೆ ಹತ್ತಕ್ಕೆ ಎಂಟೂವರೆ. ಕಳೆದದ್ದು ಪರದೆಗೂ ಬೋರ್ಡಿಗೆ ಬೆಸೆದ ಪೋರ್ಟಿಗೂ. ಅಂಗಡಿಗೆ ಹತ್ತಕ್ಕೆ ಐದು. ಆ ಐದೂ ಅವರ ಕೈಕೆಲಸಕ್ಕೆ ಮತ್ತು ಸಹನೆಗೆ ಸಲ್ಲುತ್ತವೆ. ಬ್ಯಾಟರಿಯ ಬಗ್ಗೆ ಆಡಿದ ಮಾತಿಗೆ ಎರಡು, ಗೋಣಿಚೀಲಕ್ಕೆ ಮೂರು ಕಳೆದಿದ್ದೇನೆ. ಲಾಟ್ ಮಾರುವ ಕಂಪನಿಗಳಿಗೆ ಅಂಕ ಹಾಕುವ ಅವಕಾಶ ಸಿಕ್ಕಿದ್ದರೆ ಇನ್ನೂ ಕಡಿಮೆ ಹಾಕುತ್ತಿದ್ದೆ. ವರದಿಗಳಲ್ಲಿ ಹಸಿರು ಬಣ್ಣದ ಪುಟಗಳನ್ನು ಅಚ್ಚುಹಾಕುವವರು ಅವರು, ಚೀಲವನ್ನು ಕೌಂಟರಿನ ಕೆಳಗೆ ಇಟ್ಟುಕೊಂಡು ಬೈಸಿಕೊಳ್ಳುವವರು ಇವರು.

ಕೊಳ್ಳಲು ಹೊರಟವರಿಗೆ ಕೆಲವು ಮಾತು. ಅಂಗಡಿಯಲ್ಲೇ ವಿಂಡೋಸ್‌ನ ಕಮಾಂಡ್ ಕಿಟಕಿ ತೆರೆಸಿ ಬ್ಯಾಟರಿ ವರದಿ ತೆಗೆಸಿ, ಎರಡೂ ಬ್ಯಾಟರಿಗಳ ಮೂಲ ಸಾಮರ್ಥ್ಯವನ್ನೂ ಈಗಿನ ಸಾಮರ್ಥ್ಯವನ್ನೂ ನೋಡಿ, ಆಮೇಲೆ ಚೌಕಾಸಿ ಮಾಡಿ. ಚಾರ್ಜರನ್ನು ಎರಡೂ ಯುಎಸ್‌ಬಿ-ಸಿ ಪೋರ್ಟುಗಳಿಗೆ ಹಾಕಿ ಸ್ವಲ್ಪ ಅಲುಗಾಡಿಸಿ. ಚಾರ್ಜಿಂಗ್ ಕಡಿದು ಕಡಿದು ಬಂದರೆ ಆ ಯಂತ್ರ ಬೇಡ. ಬಯಾಸ್‌ಗೆ ಹಿಂದಿನ ಕಂಪನಿಯ ಪಾಸ್‌ವರ್ಡ್ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ, ಉಳಿದಿದ್ದರೆ ಒಳಗಿನ ಬ್ಯಾಟರಿಯ ಸಂಪರ್ಕ ಕಡಿಯುವುದಕ್ಕೂ ಕಷ್ಟವಾಗುತ್ತದೆ. 8 ಜಿಬಿಯದನ್ನೇ ಕೊಂಡು ಒಂದು ಸ್ಲಾಟ್ ಖಾಲಿಯಿದ್ದರೆ ಬೇಕಾದಾಗ ಇನ್ನೊಂದು ಪಟ್ಟಿ ಸೇರಿಸಿಕೊಳ್ಳಬಹುದು, ಅಂಗಡಿಯವರು ಹೇಳುವ 16 ಜಿಬಿಯ ಬೆಲೆಯನ್ನು ಅಲ್ಲೇ ಒಪ್ಪಬೇಕಾಗಿಲ್ಲ. ಬ್ಯಾಟರಿ ಬದಲಿಸಿಕೊಂಡರೆ ಹಳೆಯದನ್ನು ಕೇಳಿ ಪಡೆದು, ತುದಿಗಳಿಗೆ ಟೇಪು ಸುತ್ತಿ, ನೋಂದಾಯಿತ ಮರುಬಳಕೆ ಘಟಕದವರ ಸಂಗ್ರಹಣಾ ಕೇಂದ್ರಕ್ಕೆ ಕೊಡಿ. ನೋಂದಾಯಿತರ ಪಟ್ಟಿ ಕೇಂದ್ರ ಮಂಡಳಿಯ ಪೋರ್ಟಲ್‌ನಲ್ಲಿ ಸಿಗುತ್ತದೆ. ನಾನು ನನ್ನದನ್ನು ಚೀಲದಿಂದ ಎತ್ತಿಕೊಂಡಾಗ ಹುಡುಗ ತೂಕದ ದುಡ್ಡು ಕಳೆದುಕೊಂಡೆನೆಂಬಂತೆ ನೋಡಿದ. ಹತ್ತು ರೂಪಾಯಿ ಕೊಟ್ಟೆ, ತೆಗೆದುಕೊಂಡ.